ಹನ್ನೆರಡು ಎಕರೆ, ನಾಲ್ಕು ಮಕ್ಕಳು



ನಮ್ಮೂರು ಬ್ರಹ್ಮಸಮುದ್ರ. ಅನಂತಪುರ ಜಿಲ್ಲೆ, ಕಲ್ಯಾಣದುರ್ಗದ ಸೀಮೆ. ಹೆಸರಿನಲ್ಲಿ ಸಮುದ್ರವಿದೆ, ಊರಲ್ಲಿ ಮಳೆಗೆ ಮುಖ ನೋಡುವ ಸ್ಥಿತಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಗಡಿ ದಾಟಿದರೆ ಚಳ್ಳಕೆರೆ ತಾಲ್ಲೂಕು. ಎರಡೂ ಕಡೆ ಮಣ್ಣು ಒಂದೇ, ಕಡ್ಲೆಕಾಯಿ ಒಂದೇ, ಬೀಗತನ ಒಂದೇ. ಲೆಕ್ಕ ಮಾತ್ರ ಬೇರೆ. ಆ ಕಡೆ ಎಕರೆಗೆ ನಲವತ್ತು ಗುಂಟೆ, ಈ ಕಡೆ ನೂರು ಸೆಂಟು. ಅಲ್ಲಿ ಪಹಣಿ, ಇಲ್ಲಿ ಅಡಂಗಲ್. ಗಡಿಯಾಚೆಗೆ ಹೆಣ್ಣು ಕೊಟ್ಟು ತಂದ ಮನೆಗಳಲ್ಲಿ ಮಕ್ಕಳು ಎರಡು ಕೋಷ್ಟಕ ಕಲಿತುಕೊಂಡೇ ಬೆಳೆಯುತ್ತವೆ.

ಮಾತಾಡಲು ನನಗೆ ಕೊಟ್ಟಿರುವ ವಿಷಯ ದೊಡ್ಡದು. ಪ್ರಜಾಪ್ರಭುತ್ವದಲ್ಲಿ ಧರ್ಮಶಾಸ್ತ್ರಕ್ಕೆ ಎಷ್ಟು ಜಾಗ, ಶಾಸನಸಭೆಗೆ ಎಷ್ಟು ಜಾಗ ಎಂಬುದು. ನಾನು ತಾಲ್ಲೂಕು ಕೋರ್ಟಿನ ವಕೀಲ. ಅಷ್ಟು ದೊಡ್ಡದನ್ನು ಎತ್ತುವ ತೋಳು ನನಗಿಲ್ಲ. ಹಾಗಾಗಿ ಅದನ್ನು ನಮ್ಮ ತಾತನ ಹೊಲದ ಬದುವಿನ ಮೇಲೆ ನಿಂತು ನೋಡುತ್ತೇನೆ. ಹನ್ನೆರಡು ಎಕರೆ ಹೊಲ, ನಾಲ್ಕು ಮಕ್ಕಳು. ನಮ್ಮಪ್ಪ, ಚಿಕ್ಕಪ್ಪ, ದೊಡ್ಡತ್ತೆ, ಚಿಕ್ಕತ್ತೆ. ದೊಡ್ಡತ್ತೆಯ ಮದುವೆ 1979ರಲ್ಲಿ, ಚಿಕ್ಕತ್ತೆಯದು 1987ರಲ್ಲಿ. ಅಜ್ಜಿ ಮೊದಲೇ ಹೋಗಿದ್ದಳು. ತಾತ ತೀರಿಕೊಂಡದ್ದು 1998. ಮಾರನೆಯ ವರ್ಷ ಪಾಲುಪಟ್ಟಿ ರಿಜಿಸ್ಟ್ರಿ.

ಆ ದಿನ ಕಣ್ಣಿಗೆ ಕಟ್ಟಿದ ಹಾಗಿದೆ. ಕಚೇರಿಯ ಹೊರಗೆ ಬೇವಿನ ಮರ, ಅದರ ಕೆಳಗೆ ಬರಹಗಾರನ ಮೇಜು. ದೊಡ್ಡತ್ತೆ ಎಡಗೈ ಹೆಬ್ಬೆಟ್ಟನ್ನು ಮಸಿಯ ಮೇಲೆ ಹೊರಳಿಸಿ ಹಕ್ಕು ಬಿಡುಗಡೆ ಪತ್ರದ ಮೇಲೆ ಒತ್ತಿದಳು. ಒತ್ತಿದ ಬೆರಳನ್ನು ಎಣ್ಣೆ ಹಚ್ಚಿದ ತಲೆಗೂದಲಿಗೆ ಒರೆಸಿಕೊಂಡಳು. ನಮ್ಮ ಕಡೆ ಹೆಂಗಸರು ಹೆಬ್ಬೆಟ್ಟಿನ ಮಸಿಯನ್ನು ಒರೆಸುವುದು ಹಾಗೆಯೇ, ಸೀರೆಗೆ ತಾಗಿಸುವುದಿಲ್ಲ. ಮಡಿಲಲ್ಲಿ ಹೊಸ ಸೀರೆ, ರವಿಕೆ ಕಣ, ಎಲೆ ಅಡಿಕೆ. ಅಲ್ಲಿಗೆ ಅವಳ ಬಾಬ್ತು ಮುಗಿಯಿತು. ಚಿಕ್ಕತ್ತೆ ಹತ್ತನೇ ತರಗತಿವರೆಗೆ ಓದಿದವಳು. ಪತ್ರವನ್ನು ಕೈಗೆ ತಗೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದಳು. ಓದಿ ಮಡಿಚಿಟ್ಟಳು. “ನನ್ನ ಪಾಲು ಎಲ್ಲಿ ಬರೆದಿದೆ?” ಎಂದಳು.

ಎಲ್ಲರೂ ನನ್ನ ಮುಖ ನೋಡಿದರು. ನಾನು ಆಗ ಕರಿಕೋಟು ಹಾಕಿಕೊಂಡು ಎರಡು ವರ್ಷವೂ ಆಗಿರಲಿಲ್ಲ. ಬೀಡಿ ಪೊಟ್ಟಣದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಅಪ್ಪನಿಗೆ ಮೂರು ಎಕರೆ ಎಪ್ಪತ್ತೈದು ಸೆಂಟು, ಚಿಕ್ಕಪ್ಪನಿಗೂ ಅಷ್ಟೇ, ಚಿಕ್ಕತ್ತೆಗೂ ಅಷ್ಟೇ. ದೊಡ್ಡತ್ತೆಗೆ ಬರೀ ಎಪ್ಪತ್ತೈದು ಸೆಂಟು. ಅಪ್ಪ ನನ್ನನ್ನೇ ದಿಟ್ಟಿಸಿ ನೋಡಿ, “ನಿನ್ನನ್ನ ಲಾ ಓದಿಸಿದ್ದು ಇದಕ್ಕೇನಾ?” ಎಂದರು.

ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ ತಂಗಿಗೆ ಒಬ್ಬಳಿಗೆ ಮುಕ್ಕಾಲು, ಇನ್ನೊಬ್ಬಳಿಗೆ ಮೂರೂಮುಕ್ಕಾಲು. ಇದು ಯಾವ ಧರ್ಮ? ಯಾವ ಶಾಸ್ತ್ರ? ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದರೆ ಕಲ್ಯಾಣದುರ್ಗದಿಂದ ಕಲ್ಯಾಣಕ್ಕೆ ಹೋಗಬೇಕಾಗುತ್ತದೆ.

ಕಲ್ಯಾಣ ಎಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಹನ್ನೆರಡನೆಯ ಶತಮಾನ ಕಣ್ಣುಬಿಡುವ ಹೊತ್ತಿಗೆ, ವಿಜ್ಞಾನೇಶ್ವರ ಅಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಬಂಗಾಳದ ಕಡೆ ಬಿಟ್ಟರೆ ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಆಸ್ತಿ ಕಾನೂನಿಗೆ ಅದೇ ಬುಡ. ಮಗ ಹುಟ್ಟಿದ ಕ್ಷಣವೇ ಪಿತ್ರಾರ್ಜಿತದಲ್ಲಿ ಹಕ್ಕುದಾರ ಎಂಬ ಮಾತು ಅವನದು. ನಮ್ಮ ಕೋರ್ಟುಗಳಲ್ಲಿ ದಿನಬೆಳಗಾದರೆ ಮಿತಾಕ್ಷರ, ಮಿತಾಕ್ಷರ ಎನ್ನುತ್ತೇವೆ. ಅದು ಕನ್ನಡ ನಾಡಿನಲ್ಲಿ ಹುಟ್ಟಿದ ಪುಸ್ತಕ ಎಂಬುದು ಎಷ್ಟೋ ವಕೀಲರಿಗೆ ಮರೆತೇಹೋಗಿದೆ.

ಆ ಪುಸ್ತಕ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು ಎಂದು ನಾವು ಕಾಲೇಜಿನಲ್ಲಿ ಕಲಿತೆವು. ಮೂಲ ನೋಡಿದರೆ ಕಥೆ ಅಷ್ಟು ಸರಳವಲ್ಲ. ಮದುವೆಯಾಗದ ಸೋದರಿಗೆ ಕಾಲುಪಾಲು ಕೊಡಬೇಕು ಎಂದು ಸ್ಮೃತಿ ಹೇಳುತ್ತದೆ. ಅದು ಬರೀ ಮದುವೆ ಖರ್ಚಿನ ಮಾತು ಎಂದು ಕೆಲವರು ತಳ್ಳಿಹಾಕಿದರೆ, ವಿಜ್ಞಾನೇಶ್ವರ ಒಪ್ಪಲಿಲ್ಲ. ಅವಳು ಗಂಡಾಗಿದ್ದರೆ ಏನು ಸಿಗುತ್ತಿತ್ತೋ ಅದರ ಕಾಲುಭಾಗ, ತಂದೆ ಸತ್ತ ಮೇಲೆ ಅವಳೂ ಪಾಲುಗಾರ್ತಿಯೇ ಎಂದ. ಸ್ತ್ರೀಧನದ ವಿಷಯ ಇನ್ನೂ ಸ್ವಾರಸ್ಯ. ತಂದೆ ಕೊಟ್ಟದ್ದು, ತಾಯಿ ಕೊಟ್ಟದ್ದು, ಗಂಡ ಕೊಟ್ಟದ್ದು, ಅಣ್ಣ ಕೊಟ್ಟದ್ದು ಎಂದು ಪಟ್ಟಿ ಮಾಡಿದ ಯಾಜ್ಞವಲ್ಕ್ಯ ಕೊನೆಗೆ ‘ಆದ್ಯ’ ಎಂದಿದ್ದಾನೆ. ಅಂದರೆ ‘ಮೊದಲಾದ’. ಆ ಒಂದು ‘ಮೊದಲಾದ’ಕ್ಕೆ ವಿಜ್ಞಾನೇಶ್ವರ ಬಾಗಿಲನ್ನೇ ತೆರೆದ. ಉತ್ತರಾಧಿಕಾರದಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಬಂದದ್ದು, ಎಲ್ಲ ಅವಳ ಧನವೇ ಎಂದ.

ಏಳುನೂರು ವರ್ಷ ಕಳೆದವು. 1810ರಲ್ಲಿ ಕಲ್ಕತ್ತೆಯಲ್ಲಿ ಕೋಲ್‌ಬ್ರೂಕ್ ಎಂಬ ಇಂಗ್ಲಿಷಿನವನು ಮಿತಾಕ್ಷರಾದ ದಾಯಭಾಗದ, ಅಂದರೆ ಆಸ್ತಿ ಹಂಚಿಕೆಯ, ಅಧ್ಯಾಯವನ್ನು ಅನುವಾದಿಸಿದ. ಶಾಸ್ತ್ರಿಗಳ ಬಾಯಲ್ಲಿದ್ದದ್ದು ಜಡ್ಜಿಯ ಮೇಜಿಗೆ ಬಂತು. ಮೇಜಿಗೆ ಬಂದ ಮೇಲೆ ಅದು ಬಗ್ಗುವುದನ್ನು ಬಿಟ್ಟಿತು. ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ‘ಮೊದಲಾದ’ ಬಾಗಿಲನ್ನು ಒಂದೊಂದೇ ತೀರ್ಪಿನಲ್ಲಿ ಎಳೆದು ಮುಚ್ಚಿತು. ಗಂಡಸಿನಿಂದ ಉತ್ತರಾಧಿಕಾರವಾಗಿ ಬಂದ ಆಸ್ತಿ ಹೆಂಗಸಿಗೆ ಜೀವಮಾನದವರೆಗೆ ಮಾತ್ರ, ಸ್ತ್ರೀಧನವಲ್ಲ ಎಂದಿತು. ಕಾಲುಪಾಲು ಹಳೆಯ ಕಾಲದ ಮಾತಾಗಿ ಉಳಿಯಿತು. ಧರ್ಮಶಾಸ್ತ್ರ ಹಳಸಲು, ಆಧುನಿಕ ನ್ಯಾಯಾಲಯ ಮುಂದುವರಿದದ್ದು ಎಂದು ತಿಳಿದವರು ಈ ಅಧ್ಯಾಯವನ್ನು ಒಮ್ಮೆ ಓದಬೇಕು. ಇಲ್ಲಿ ಶಾಸ್ತ್ರಕಾರ ಕೊಟ್ಟದ್ದನ್ನು ಜಡ್ಜಿ ಕಿತ್ತುಕೊಂಡ.

ಈಗ ಗಡಿಗೆ ಬನ್ನಿ. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ಮಿರ್ಜಾ ಇಸ್ಮಾಯಿಲ್ ದಿವಾನರು. ಹಿಂದೂ ಧರ್ಮಶಾಸ್ತ್ರದ ತಿದ್ದುಪಡಿ ಮುಸ್ಲಿಂ ದಿವಾನರ ಕಾಲದಲ್ಲಿ ಆಯಿತು, ಆಕಾಶವೇನೂ ಕೆಳಗೆ ಬೀಳಲಿಲ್ಲ. ಕುಟುಂಬ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಮಗಳಿಗೆ ಪಾಲು. ಮಗಳಿಗೆ ಎಷ್ಟು? ಅಣ್ಣನ ಪಾಲಿನ ಕಾಲುಭಾಗ. ವಿಜ್ಞಾನೇಶ್ವರನ ಕಾಲುಪಾಲು ಎಂಟುನೂರು ವರ್ಷ ಅಲೆದು ಮೈಸೂರಿನಲ್ಲಿ ಬಂದು ಕೂತಿತು. ಸ್ತ್ರೀಧನದ ವ್ಯಾಖ್ಯೆಯನ್ನೂ ಬಹುಮಟ್ಟಿಗೆ ಹಿಗ್ಗಿಸಿದರು. ಚಳ್ಳಕೆರೆ ಮೈಸೂರಿನದು, ಅಲ್ಲಿಗೆ ಈ ಕಾಯ್ದೆ ಬಂತು. ಕಲ್ಯಾಣದುರ್ಗ ಮದರಾಸು ಪ್ರಾಂತ್ಯದ್ದು, ಬರಲಿಲ್ಲ. ನಮಗೆ ಸಿಕ್ಕಿದ್ದು 1937ರ ಕೇಂದ್ರ ಕಾಯ್ದೆ. ಅದರಲ್ಲಿ ವಿಧವೆಗೆ ಸೀಮಿತ ಹಕ್ಕು, ಮಗಳಿಗೆ ಏನೂ ಇಲ್ಲ. ಅದೂ ಸಾಗುವಳಿ ಜಮೀನಿಗೆ ಅನ್ವಯಿಸದು ಎಂದು 1941ರಲ್ಲಿ ಫೆಡರಲ್ ಕೋರ್ಟ್ ಹೇಳಿತು. ಹೊಲ ಬಿಟ್ಟು ಆಸ್ತಿ ಎಂದರೆ ನಮ್ಮೂರಲ್ಲಿ ಒರಳು, ಒನಕೆ, ಎರಡು ತಾಮ್ರದ ಕೊಡ. 1947ರಲ್ಲಿ ಮದರಾಸು ಬೇರೆ ಕಾಯ್ದೆ ಮಾಡಿ ಹೊಲಕ್ಕೂ ಅದನ್ನು ವಿಸ್ತರಿಸುವವರೆಗೆ ನಮ್ಮ ರೈತ ವಿಧವೆಯರಿಗೆ ಅಷ್ಟೂ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ದೂರದ ಒಂದು ದೇಶ ನೋಡಿಕೊಂಡು ಬರೋಣ. ಇದೇ ಗಂಟು ಇಸ್ರೇಲಿನದೂ ಹೌದು. ಯೆಹೂದಿಯರ ಧರ್ಮನಿಯಮಕ್ಕೆ ಹಲಾಖಾ ಎನ್ನುತ್ತಾರೆ. ನಡೆಯುವುದು ಎಂಬರ್ಥದ ಧಾತುವಿನಿಂದ ಬಂದ ಮಾತು. ನಾವು ನಡತೆ, ನಡಾವಳಿ ಎನ್ನುವುದಿಲ್ಲವೇ, ಹಾಗೆ. ಅವರ ಧರ್ಮಗ್ರಂಥದ ಅರಣ್ಯಕಾಂಡದಲ್ಲಿ ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐದು ಹೆಣ್ಣುಮಕ್ಕಳು ಮೋಶೆಯ ಎದುರಿಗೆ ಬಂದು ನಿಂತು ತಂದೆಯ ಸ್ವತ್ತಿನಲ್ಲಿ ನಮಗೆ ಪಾಲಿಲ್ಲವೇ ಎಂದು ಕೇಳುತ್ತಾರೆ. ಮೋಶೆ ತಾನೇ ತೀರ್ಮಾನಿಸುವುದಿಲ್ಲ, ದೇವರನ್ನು ಕೇಳುತ್ತಾನೆ. ಹೆಣ್ಣುಮಕ್ಕಳ ಮಾತು ನ್ಯಾಯವೆಂದು ಉತ್ತರ ಬರುತ್ತದೆ. ಮಗನಿಲ್ಲದಿದ್ದರೆ ಮಗಳು ಹಕ್ಕುದಾರಳು. ಆಮೇಲೆ ಕುಲದ ಹಿರಿಯರು ತಕರಾರು ತೆಗೆಯುತ್ತಾರೆ. ಇವರು ಬೇರೆ ಕುಲದವರನ್ನು ಮದುವೆಯಾದರೆ ನಮ್ಮ ಭೂಮಿ ಅವರ ಕುಲಕ್ಕೆ ಹೋಗುವುದಿಲ್ಲವೇ ಎಂದು. ಕೊನೆಗೆ ಸ್ವಂತ ಕುಲದಲ್ಲೇ ಮದುವೆಯಾಗಬೇಕೆಂಬ ಷರತ್ತು ಬೀಳುತ್ತದೆ. ಮೊದಲ ಸಲ ಓದಿದಾಗ ನಗು ಬಂತು. ನಮ್ಮ ಕಟ್ಟೆ ಪಂಚಾಯಿತಿಯಲ್ಲಿ ಇದೇ ಮಾತನ್ನು ಎಷ್ಟು ಸಲ ಕೇಳಿಲ್ಲ! ಹೊಲ ಬೇರೆ ಬೆಡಗಿಗೆ ಹೋಗುತ್ತದೆ ಎಂಬ ಗೋಳು.

ನಮ್ಮ ರಾಯದುರ್ಗ, ಬಳ್ಳಾರಿ, ಕಲ್ಯಾಣದುರ್ಗದ ಸೀಮೆಯಲ್ಲಿ ಗಂಡು ಸಂತಾನವಿಲ್ಲದ ಕೆಲವು ಮನೆಗಳು ಈ ಗೋಳಿಗೆ ಕಂಡುಕೊಂಡ ದಾರಿ ಕ್ರೂರವಾದದ್ದು. ಮಗಳನ್ನು ದೇವರಿಗೆ ಬಿಟ್ಟು ಬಸವಿ ಮಾಡುವುದು. ಬಸವಿಯಾದವಳಿಗೆ ಮದುವೆ ಇರಲಿಲ್ಲ. ಅವಳು ತವರಲ್ಲೇ ಇರುತ್ತಿದ್ದಳು, ಮಗನ ಹಾಗೆ ಪಾಲು ಪಡೆಯುತ್ತಿದ್ದಳು, ಅವಳ ಮಕ್ಕಳು ತಾತನ ಮನೆತನದವರಾಗುತ್ತಿದ್ದರು. 1890ರ ದಶಕದಲ್ಲಿ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಈ ಪದ್ಧತಿಯ ಬಗ್ಗೆ ಬರೆದಿದ್ದಾನೆ. ಮಗಳಿಗೆ ಆಸ್ತಿ ಬರಬೇಕಾದರೆ ಅವಳು ಮಗಳಾಗಿರುವುದನ್ನು ಬಿಡಬೇಕಿತ್ತು. 1947ರದೇ ಇನ್ನೊಂದು ಮದರಾಸು ಕಾಯ್ದೆ, ಮತ್ತೆ 1988ರ ಆಂಧ್ರ ಕಾಯ್ದೆ ಬಸವಿ ಬಿಡುವುದನ್ನು ನಿಷೇಧಿಸಿದವು. ಆದರೆ ಬಸವಿ ಪದ್ಧತಿಗೆ ಹೊಲವೂ ಒಂದು ಬೇರಾಗಿತ್ತೆಂಬುದನ್ನು ಪೊಲೀಸು ಕಾಯ್ದೆ ನೋಡುವುದಿಲ್ಲ. ಆ ಬೇರು ಕಾಣುವುದು ಪಾಲುಪಟ್ಟಿಯಲ್ಲಿ.

ಯೆಹೂದಿಯರಲ್ಲಿ ಅಣ್ಣತಮ್ಮಂದಿರಿರುವ ಮಗಳ ಗತಿ ಏನು? ತಂದೆಯ ಆಸ್ತಿಯ ಹತ್ತನೆಯ ಒಂದು ಭಾಗ ಅವಳ ಮದುವೆಗೆ ಮೀಸಲಿಡಬೇಕೆಂದು ಅವರ ಶಾಸ್ತ್ರಗ್ರಂಥ ತಾಲ್ಮುದ್ ಹೇಳುತ್ತದೆ. ನಮ್ಮದು ಕಾಲು, ಅವರದು ಹತ್ತನೆಯ ಒಂದು. ಮಗಳ ಮೇಲೆ ಪ್ರೀತಿಯಿದ್ದ ತಂದೆಗಳಿಗೆ ಇದು ಸಾಲಲಿಲ್ಲ. ಶಾಸ್ತ್ರ ಮುರಿಯುವಂತಿಲ್ಲ, ಮಗಳಿಗೆ ಕೊಡದೆ ಇರುವಂತೆಯೂ ಇಲ್ಲ. ಯುರೋಪಿನ ಯೆಹೂದಿಗಳು ಒಂದು ಪತ್ರ ಕಂಡುಹಿಡಿದರು. ಅದರ ಹೆಸರು ‘ಅರ್ಧ ಗಂಡಿನ ಪತ್ರ’ ಎಂಬರ್ಥದ್ದು. ಮಗಳಿಗೆ ತಾನು ಇಂತಿಷ್ಟು ದೊಡ್ಡ ಮೊತ್ತ ಸಾಲ ಕೊಡಬೇಕಿದೆ ಎಂದು ತಂದೆ ಸುಳ್ಳೇ ಬರೆದುಕೊಡುತ್ತಿದ್ದ. ತೀರಿಸುವ ಗಡುವು ಅವನ ಸಾವಿನ ಹೊತ್ತಿಗೆ. ಕೆಳಗೊಂದು ಷರತ್ತು. ಗಂಡುಮಕ್ಕಳು ಅವಳಿಗೆ ಒಬ್ಬ ಮಗನ ಪಾಲಿನ ಅರ್ಧ ಕೊಟ್ಟರೆ ಸಾಲ ರದ್ದು. ಕೊಡದಿದ್ದರೆ ಸಾಲ ತೀರಿಸಿ. ಶಾಸ್ತ್ರದ ಒಂದಕ್ಷರವೂ ಅಲುಗಲಿಲ್ಲ, ಹುಡುಗಿಗೆ ಪಾಲೂ ಸಿಕ್ಕಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ಅರಿಶಿನ ಕುಂಕುಮದ ಹೊಲ. ತೆಲುಗಿನಲ್ಲಿ ಪಸುಪು ಕುಂಕುಮ ಎನ್ನುತ್ತಾರೆ. ಮಗಳ ಮದುವೆಯಲ್ಲಿ ತಂದೆ ಬಾಯಿಮಾತಿನಲ್ಲಿ ಒಂದೆರಡು ಎಕರೆ ಅವಳ ಅರಿಶಿನ ಕುಂಕುಮಕ್ಕೆಂದು ಬಿಟ್ಟುಕೊಡುವುದು. ಪಾಲು ಎಂದರೆ ಜಗಳ, ಅರಿಶಿನ ಕುಂಕುಮ ಎಂದರೆ ಮಂಗಳ. ಯೆಹೂದಿ ತಂದೆಯದು ಕಾಗದದ ಉಪಾಯ, ನಮ್ಮ ರೈತನದು ಬಾಯಿಯ ಉಪಾಯ. ನನ್ನ ಮಟ್ಟಿಗೆ ಹೇಳುವುದಾದರೆ ಯೆಹೂದಿಯೇ ಜಾಣ. ಅರಿಶಿನ ಕುಂಕುಮದ ಹೊಲ ಅಣ್ಣನ ಪಾಸ್‌ಬುಕ್ಕಿನಲ್ಲೇ ಉಳಿದು, ಅತ್ತಿಗೆ ಬಂದ ಮೇಲೆ ಮಾತು ಮರೆತುಹೋಗಿ, ಕೋರ್ಟಿಗೆ ಬಂದ ಕೇಸುಗಳನ್ನು ನಾನೇ ನಡೆಸಿದ್ದೇನೆ. ಬಾಯಿಮಾತಿಗೆ ಸಾಕ್ಷಿ ಹೇಳಬೇಕಾದವರು ಅಷ್ಟರಲ್ಲಿ ಸ್ಮಶಾನ ಸೇರಿರುತ್ತಾರೆ.

1948ರಲ್ಲಿ ಇಸ್ರೇಲ್ ರಾಜ್ಯ ಹುಟ್ಟಿದಾಗ ಈ ಉಪಾಯಗಳಿಂದ ಕೆಲಸ ನಡೆಯುವಂತಿರಲಿಲ್ಲ. ಮುಖ್ಯ ರಬ್ಬಿ, ಅಂದರೆ ಮುಖ್ಯ ಧರ್ಮಗುರು, ಐಸಾಕ್ ಹೆರ್ಜೋಗ್ ಧರ್ಮದ ಒಳಗಿನಿಂದಲೇ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ತರಲು ಯತ್ನಿಸಿದರು. ಕೈಗೂಡಲಿಲ್ಲ. 1965ರಲ್ಲಿ ಅವರ ಸಂಸತ್ತು ಉತ್ತರಾಧಿಕಾರ ಕಾನೂನು ಮಾಡಿ ಮಗ ಮಗಳಿಗೆ ಸಮಪಾಲು ಎಂದಿತು. ಧಾರ್ಮಿಕ ನ್ಯಾಯಾಲಯಕ್ಕೆ ಆಸ್ತಿ ವಿಷಯ ಹೋಗಬೇಕಾದರೆ ಎಲ್ಲ ಹಕ್ಕುದಾರರೂ ಬರಹದಲ್ಲಿ ಒಪ್ಪಬೇಕು. ಆದರೆ ಮದುವೆ, ವಿಚ್ಛೇದನೆಯನ್ನು 1953ರ ಕಾನೂನಿನ ಪ್ರಕಾರ ರಬ್ಬಿಗಳ ಕೈಯಲ್ಲೇ ಬಿಟ್ಟರು. ಗಂಡ ತನ್ನ ಕೈಯಾರೆ ವಿಚ್ಛೇದನ ಪತ್ರ ಕೊಡದಿದ್ದರೆ ಹೆಂಡತಿಗೆ ಬಿಡುಗಡೆ ಇಲ್ಲ. ಅವನು ‘ಮನಃಪೂರ್ವಕ’ ಕೊಡುವಂತೆ ಮಾಡಲು 1995ರ ಇನ್ನೊಂದು ಕಾನೂನಿನಲ್ಲಿ ಅವನ ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಕಿತ್ತುಕೊಳ್ಳಬಹುದು, ಜೈಲಿಗೂ ಹಾಕಬಹುದು. ಜೈಲಿನಲ್ಲಿಟ್ಟು ಮನಃಪೂರ್ವಕ ಎನಿಸುವುದು ಯಾವ ತರ್ಕವೋ ನನಗೆ ತಿಳಿಯದು. ಹೊಲವನ್ನು ಸಂಸತ್ತಿಗೆ, ಹೆಂಡತಿಯನ್ನು ರಬ್ಬಿಗೆ ಎಂದು ಬದು ಹಾಕಿದ ಮೇಲೆ ಬದುವಿನ ಮೇಲೆ ಸಿಕ್ಕಿಹಾಕಿಕೊಂಡವಳು ಹೆಂಗಸು.

ನಮ್ಮಲ್ಲಿ ಆ ಬದುವನ್ನು ತೆಗೆಯಲು ಹೊರಟವರಲ್ಲಿ ಒಬ್ಬರು ಮಂಗಳೂರಿನ ಬೆನಗಲ್ ನರಸಿಂಗ ರಾವ್. 1941ರಲ್ಲಿ, ಮತ್ತೆ 1944ರಲ್ಲಿ ಹಿಂದೂ ಕಾನೂನು ಸಮಿತಿ ಅವರ ನೇತೃತ್ವದಲ್ಲಿತ್ತು. ಆಮೇಲೆ ಅವರೇ ಸಂವಿಧಾನ ಸಭೆಯ ಸಲಹೆಗಾರರಾದರು. ಆ ಸಮಿತಿ ಮಾಡಿದ ಹಿಂದೂ ಕಾನೂನಿನ ಕರಡನ್ನು ಕೈಗೆತ್ತಿಕೊಂಡು ಅಂಬೇಡ್ಕರ್ ಹೋರಾಡಿದರು. ಹಿಂದೂ ಕೋಡ್ ಬಿಲ್ಲಿಗಾದ ಗತಿಗೆ ಬೇಸತ್ತು 1951ರಲ್ಲಿ ಮಂತ್ರಿಪದವಿ ಬಿಟ್ಟರು. 1956ರಲ್ಲಿ ಬಂದ ಉತ್ತರಾಧಿಕಾರ ಕಾಯ್ದೆ ಅರ್ಧ ದಾರಿ ನಡೆಯಿತು. ನಮ್ಮ ಹನ್ನೆರಡು ಎಕರೆಗೆ ಹಾಕಿ ನೋಡಿ. ತಾತ, ಇಬ್ಬರು ಗಂಡುಮಕ್ಕಳು, ಮೂವರಿಗೆ ನಾಲ್ಕು ನಾಲ್ಕು ಎಕರೆ ಎಂದು ಮನಸ್ಸಿನಲ್ಲೇ ಪಾಲು ಮಾಡಬೇಕು. ತಾತನ ನಾಲ್ಕು ಎಕರೆ ಮಾತ್ರ ನಾಲ್ವರು ಮಕ್ಕಳಿಗೆ ಒಂದೊಂದು. ಗಂಡುಮಕ್ಕಳಿಗೆ ಐದೈದು, ಹೆಣ್ಣುಮಕ್ಕಳಿಗೆ ಒಂದೊಂದು ಎಕರೆ.

1985ರಲ್ಲಿ ಈ ಲೆಕ್ಕ ಕೆಟ್ಟಿತು. ಕೆಡಿಸಿದವರು ಆಗ ನಮ್ಮ ಜಿಲ್ಲೆಯಲ್ಲೇ ಇದ್ದ ಹಿಂದೂಪುರದಿಂದ ಆ ವರ್ಷ ಶಾಸಕರಾಗಿದ್ದ ಮುಖ್ಯಮಂತ್ರಿ ಎನ್.ಟಿ. ರಾಮರಾವ್. ತೆರೆಯ ಮೇಲೆ ರಾಮನಾಗಿ, ಕೃಷ್ಣನಾಗಿ ಮನೆಮನೆಯ ಕ್ಯಾಲೆಂಡರಿನಲ್ಲಿದ್ದ ಮನುಷ್ಯ ಶಾಸನಸಭೆಯಲ್ಲಿ ನಿಂತು ಮಿತಾಕ್ಷರದ ಬುಡಕ್ಕೇ ಕೈಹಾಕಿದರು. ಮಗಳೂ ಮಗನ ಹಾಗೆ ಹುಟ್ಟಿನಿಂದಲೇ ಹಕ್ಕುದಾರಳು. ಕಾಯ್ದೆ 1986ರದು, ಜಾರಿ 1985ರ ಸೆಪ್ಟೆಂಬರ್ 5ರಿಂದ. ಅದಕ್ಕೊಂದು ಬಾಲ. ಆ ದಿನಕ್ಕೆ ಮೊದಲೇ ಮದುವೆಯಾದವಳಿಗೆ ಇಲ್ಲ.

ಈಗ ನನ್ನ ಬೀಡಿ ಪೊಟ್ಟಣದ ಲೆಕ್ಕ ಅರ್ಥವಾಗುತ್ತದೆ. ತಾತ, ಇಬ್ಬರು ಗಂಡುಮಕ್ಕಳು, 1987ರಲ್ಲಿ ಮದುವೆಯಾದ ಚಿಕ್ಕತ್ತೆ, ನಾಲ್ವರಿಗೆ ಮೂರು ಮೂರು ಎಕರೆ. ತಾತನ ಮೂರು ಎಕರೆ ನಾಲ್ವರು ಮಕ್ಕಳಿಗೆ ಮುಕ್ಕಾಲು ಮುಕ್ಕಾಲು. ದೊಡ್ಡತ್ತೆಯ ಮದುವೆ 1979ರದು, ಅವಳಿಗೆ ಆ ಮುಕ್ಕಾಲೇ ಗತಿ. ಗಮನಿಸಿದಿರಾ? ಹಳೆ ಕಾನೂನಿನಲ್ಲಿ ಅವಳಿಗೆ ಒಂದು ಎಕರೆ ಬರುತ್ತಿತ್ತು. ಹೆಣ್ಣುಮಕ್ಕಳಿಗಾಗಿ ಬಂದ ಕಾನೂನು ಅವಳ ಇಪ್ಪತ್ತೈದು ಸೆಂಟು ಕಡಿಮೆ ಮಾಡಿತು. ಹೊಸ ಕಾನೂನಿಗೆ ಒಂದು ದಿನಾಂಕ ಬೇಕು, ಒಪ್ಪಿದೆ. ಅದು ಹೆಣ್ಣಿನ ಮದುವೆ ದಿನವೇ ಯಾಕಾಗಬೇಕು? ಗಂಡಿನ ಮದುವೆ ಯಾವತ್ತಾಯಿತೆಂದು ಯಾವ ಕಾಯ್ದೆಯೂ ಕೇಳಿಲ್ಲ.

ಗಡಿಯಾಚೆ ಏನಾಯಿತು? 1933ರಲ್ಲಿ ಮುಂದಿದ್ದ ಕಡೆ ಈಗ ಹಿಂದೆ ಬಿತ್ತು. ಕರ್ನಾಟಕದ ತಿದ್ದುಪಡಿ ಕಾಯ್ದೆಯ ಹೆಸರಲ್ಲಿ 1990 ಎಂದಿದೆ. ರಾಷ್ಟ್ರಪತಿಗಳ ಅಂಕಿತ ಬಿದ್ದು ಜಾರಿಗೆ ಬಂದದ್ದು 1994ರ ಜುಲೈ 30ಕ್ಕೆ. ಇದಕ್ಕೂ ಅದೇ ಬಾಲ. ನನ್ನ ತಾಯಿಯ ತವರು ಚಳ್ಳಕೆರೆ ಕಡೆ. ಚಿಕ್ಕಮ್ಮನ ಮದುವೆ ಆದದ್ದು 1990ರಲ್ಲಿ. ನಮ್ಮೂರಲ್ಲಿ ಹುಟ್ಟಿದ್ದರೆ ಅವಳು ಹಕ್ಕುದಾರಳು, ಆ ಊರಲ್ಲಿ ಹುಟ್ಟಿ ಕೆಟ್ಟಳು. ನಡುವೆ ಇರುವುದು ಒಂದು ಗಡಿಕಲ್ಲು. ಅದರ ಮೇಲೆ ನಾವು ಮೇಕೆ ಮೇಯಿಸುವಾಗ ಕೂತು ಬುತ್ತಿ ಉಣ್ಣುತ್ತಿದ್ದೆವು.

2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಬಂದು ದೇಶಕ್ಕೆಲ್ಲ ಒಂದೇ ನಿಯಮವಾಯಿತು, ಮದುವೆಯ ಬಾಲ ಉದುರಿತು. ಆದರೂ ಜಗಳ ತೀರಲಿಲ್ಲ. ಆ ದಿನ ತಂದೆ ಬದುಕಿರಬೇಕೋ ಬೇಡವೋ? ಬೆಳಗಾವಿ ಕಡೆಯಿಂದ ಹೋದ ಫುಲವತಿ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು ಬದುಕಿರಬೇಕು ಎಂದಿತು. ಕರ್ನಾಟಕದ್ದೇ ದಾನಮ್ಮ ಪ್ರಕರಣದಲ್ಲಿ 2018ರಲ್ಲಿ, 2001ರಲ್ಲೇ ತೀರಿಕೊಂಡ ತಂದೆಯ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಇತ್ಯರ್ಥ ಮಾಡಿತು. ಹಕ್ಕು ಹುಟ್ಟಿನಿಂದ ಬರುವುದು, ತಂದೆ ಬದುಕಿದ್ದರೇನು ಸತ್ತಿದ್ದರೇನು. ಹುಟ್ಟಿನಿಂದ ಹಕ್ಕು! ವಿಜ್ಞಾನೇಶ್ವರ ಮಗನಿಗೆ ಹೇಳಿದ ಮಾತನ್ನೇ ಮಗಳಿಗೂ ಹೇಳಿದರು. ಶಾಸ್ತ್ರವನ್ನು ಕಿತ್ತೆಸೆದರು ಎನ್ನುವವರೂ ಉಂಟು. ನನಗೆ ಹಾಗೆ ಕಾಣುವುದಿಲ್ಲ. ಅದರ ಒಂದು ಪದವನ್ನು ಹಿಗ್ಗಿಸಿದರು, ‘ಮೊದಲಾದ’ವನ್ನು ಹಿಗ್ಗಿಸಿದ ಹಾಗೆ. ಹಿಗ್ಗಿಸುವ ಅಧಿಕಾರ ಹಿಂದೆ ಕಲ್ಯಾಣದ ಒಬ್ಬ ಪಂಡಿತನಲ್ಲಿತ್ತು, ಈಗ ದೊಡ್ಡತ್ತೆಯ ಓಟೂ ಸೇರಿ ಆರಿಸಿದ ಸಭೆಗಳಲ್ಲಿದೆ.

ದೊಡ್ಡತ್ತೆಗೆ ಇದರಿಂದ ಏನೂ ಬರಲಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟ್ರಿಯಾದ ಪಾಲನ್ನು ಯಾರೂ ಬಿಚ್ಚುವಂತಿಲ್ಲ. ನಮ್ಮದು 1999ರದು. ತೀರ್ಪು ಬಂದ ವಾರ ಅವಳಿಗೆ ವಿವರಿಸಿ ಹೇಳಿದೆ. ಕೇಳಿಸಿಕೊಂಡು, “ಬಾವಿ ಪಕ್ಕದ ಹುಣಸೆಮರ ಯಾರ ಪಾಲಿಗೆ ಬಂತು?” ಎಂದಳು. ಚಿಕ್ಕಪ್ಪನ ಪಾಲಿಗೆ ಎಂದೆ. “ಅವನಿಗೆ ಹುಳಿಯೇ ಆಗಲ್ಲ” ಎಂದು ಸುಮ್ಮನಾದಳು.

ಇವತ್ತಿಗೂ ನನ್ನ ಮೇಜಿಗೆ ಬರುವ ಪಾಲುಪಟ್ಟಿಗಳ ಜೊತೆ ಹಕ್ಕು ಬಿಡುಗಡೆ ಪತ್ರ ಬರುತ್ತಲೇ ಇದೆ. ಓದಿದ ಹುಡುಗಿಯರೇ ಸಹಿ ಹಾಕುತ್ತಾರೆ. ಯಾಕಮ್ಮ ಎಂದರೆ “ತವರು ಬೇಕಲ್ಲ ಸಾರ್” ಎನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಸೆಕ್ಷನ್ ಇಲ್ಲ. ಚಿಕ್ಕತ್ತೆಯ ಕಥೆ ಮಾತ್ರ ಹೇಳುತ್ತೇನೆ. ಮೂರೂಮುಕ್ಕಾಲು ಎಕರೆ ಅವಳ ಹೆಸರಿಗೆ ಹತ್ತಿದ ಮೇಲೆ ಮೂರು ವರ್ಷ ಯುಗಾದಿಗೆ ತವರಿನ ಸೀರೆ ಹೋಗಲಿಲ್ಲ. ಅಪ್ಪ ಅವಳ ಊರಿನ ಬಸ್ಸು ಹತ್ತಲಿಲ್ಲ. ನಾಲ್ಕನೆಯ ವರ್ಷ ಒಳ್ಳೆ ಮಳೆ ಬಂತು. ಅವಳ ಹೊಲ ನಮ್ಮ ಹೊಲಕ್ಕೆ ಅಂಟಿಕೊಂಡದ್ದು, ಕಡ್ಲೆಕಾಯಿಗೆ ಹೇಳಿಮಾಡಿಸಿದ ಕೆಂಪು ನೆಲ, ಬೀಳು ಬಿದ್ದಿತ್ತು. ಅಪ್ಪ ಒಂದು ಬೆಳಿಗ್ಗೆ ಹಸಿರು ಸೀರೆಯೊಂದನ್ನು ಬಗಲಲ್ಲಿಟ್ಟುಕೊಂಡು ಹೊರಟರು. ಸಂಜೆ ಬಂದು, ಹೊಲ ಗುತ್ತಿಗೆಗೆ ಮಾತಾಡಿಕೊಂಡು ಬಂದೆ ಎಂದರು. ಸೀರೆ ಆಮೇಲೆ ಯಾವ ಯುಗಾದಿಗೂ ತಪ್ಪಲಿಲ್ಲ. ಆ ಮೊದಲ ವರ್ಷದ ಗುತ್ತಿಗೆ ಹಣ ಅರ್ಧ ಇನ್ನೂ ಬಾಕಿ ಇದೆ ಎಂದು ಚಿಕ್ಕತ್ತೆ ಈಗಲೂ ನನಗೆ ನೆನಪಿಸುತ್ತಾಳೆ.